ಕಾನೂನು-ಕಟ್ಟಳೆ: ಬಾಡಿಗೆ ಮನೆಗೆ ಬಾಯಿಮಾತು ಸಾಲದು



ನಿಮ್ಮ ತಂದೆತಾಯಿಯರಲ್ಲಿ ಹಲವರು ಊರು ಬಿಟ್ಟು ಈ ರಾಮನಗರಕ್ಕೆ ಬಂದಾಗ ಮನೆ ಹಿಡಿದದ್ದು ಬಾಯಿಮಾತಿನ ಮೇಲೆ. "ನೀವೇನು ಹೊರಗಿನವರೇ?" ಎಂದು ಮಾಲೀಕರು ಹೇಳಿದರೆ ಮುಗಿಯಿತು, ಕಾಗದದ ಮಾತೆತ್ತುವುದೇ ಅಪಚಾರ. ಆ ಹಿರಿಯರು ಇರುವಷ್ಟು ದಿನ ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ಅವರು ಕಣ್ಮುಚ್ಚಿ ಮಕ್ಕಳು ಪಾಲಿಗೆ ಕುಳಿತಾಗಲೇ ತೊಡಕು. ಮುಂಗಡ ಕೊಟ್ಟದ್ದಕ್ಕೆ ರಸೀದಿ ಇಲ್ಲ, ಬಾಡಿಗೆ ಎಷ್ಟೆಂಬುದಕ್ಕೆ ಬರಹವಿಲ್ಲ.

ಉತ್ತರ ಪ್ರದೇಶದಲ್ಲಿ 1972ರಿಂದ ಇದ್ದ ಹಳೆಯ ಬಾಡಿಗೆ ಕಾಯಿದೆ ಈಗಿಲ್ಲ. ಅದರ ಜಾಗಕ್ಕೆ 2021ರಲ್ಲಿ ನಗರ ಪ್ರದೇಶದ ಬಾಡಿಗೆದಾರಿಕೆಯ ಹೊಸ ಕಾಯಿದೆ ಬಂದಿದೆ. ರಾಮನಗರದ ನಗರಪಾಲಿಕೆಯೂ ವಾರಾಣಸಿ ಮಹಾನಗರಪಾಲಿಕೆಯಲ್ಲಿ ಸೇರಿಹೋಗಿರುವುದರಿಂದ 'ನಮ್ಮದು ಊರಾಚೆ' ಎನ್ನುವ ಮಾತೂ ನಡೆಯದು. ಈ ಕಾಯಿದೆಯ ತಿರುಳು ಇಷ್ಟೇ: ಬಾಡಿಗೆ ಕರಾರು ಬರಹದಲ್ಲಿರಬೇಕು. ಹಾಗೆ ಬರೆದುಕೊಂಡ ಮೇಲೆ ಎರಡು ತಿಂಗಳೊಳಗೆ ಬಾಡಿಗೆ ಪ್ರಾಧಿಕಾರಿಗೆ (ಇಲ್ಲಿಯವರ ಬಾಯಲ್ಲಿ 'ಕಿರಾಯಾ ಪ್ರಾಧಿಕಾರಿ') ತಿಳಿಸಬೇಕು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಅಂಗಡಿ ಮುಂತಾದವಕ್ಕೆ ಆರು ತಿಂಗಳವರೆಗೆ. ತಿಂಗಳಿಗೆ 8,000 ರೂಪಾಯಿ ಬಾಡಿಗೆಯಾದರೆ 16,000 ಕೊಟ್ಟರೆ ಸಾಕು ಎಂದಾಯಿತು. ಮನೆ ಖಾಲಿ ಮಾಡಿ ಬೀಗದ ಕೈ ಕೊಡುವಾಗ, ನ್ಯಾಯವಾದ ಕಡಿತ ಕಳೆದು ಅದನ್ನು ಹಿಂದಿರುಗಿಸಬೇಕು. ಜಗಳವಾಯಿತೆಂದು ನೀರು, ವಿದ್ಯುತ್ ನಿಲ್ಲಿಸುವುದು ತಪ್ಪು.

ಬಾಡಿಗೆದಾರನಿಗೆ ಮಾತ್ರ ಅನುಕೂಲ ಎಂದುಕೊಳ್ಳಬೇಡಿ. ಅವಧಿ ಮುಗಿದರೂ ಬಿಡದೆ ಕುಳಿತರೆ ಮೊದಲ ಎರಡು ತಿಂಗಳು ಇಮ್ಮಡಿ, ಆಮೇಲೆ ನಾಲ್ಮಡಿ ಬಾಡಿಗೆ ತೆರಬೇಕಾಗುತ್ತದೆ. ಹಳೆಯ ಕಾಲದ ಜುಜುಬಿ ಬಾಡಿಗೆಯಲ್ಲಿ ತಲೆಮಾರುಗಟ್ಟಲೆ ಮನೆ ಹಿಡಿದಿಟ್ಟುಕೊಂಡವರನ್ನು ಕಂಡವರಿಗೆ ಇದು ಅತಿಯೆನಿಸದು. ನನಗೂ ಅನಿಸಿಲ್ಲ.

ಇದೇ 2021ರ ಜೂನ್ 2ರಂದು ಕೇಂದ್ರ ಸಚಿವ ಸಂಪುಟವೂ ಒಂದು ಮಾದರಿ ಬಾಡಿಗೆ ಕಾಯಿದೆಗೆ ಒಪ್ಪಿಗೆ ಕೊಟ್ಟಿತು. 'ಮಾದರಿ' ಎಂಬ ಪದವನ್ನು ಗಮನಿಸಿ. ಭೂಮಿ ಮತ್ತು ಒಡೆಯ-ಗೇಣಿದಾರರ ಸಂಬಂಧ ಸಂವಿಧಾನದ ರಾಜ್ಯಪಟ್ಟಿಯಲ್ಲಿ 18ನೆಯ ಬಾಬು. ದೆಹಲಿಯವರು ಹೀಗೆ ಮಾಡಿ ಎಂದು ತೋರಿಸಿದರು. ರಾಜ್ಯಗಳು ಒಪ್ಪಬಹುದು, ತಿದ್ದಿಕೊಳ್ಳಬಹುದು, ಸುಮ್ಮನೂ ಇರಬಹುದು. ಉತ್ತರ ಪ್ರದೇಶವಂತೂ ಆ ಒಪ್ಪಿಗೆಗೂ ಮುಂಚೆಯೇ, ಜನವರಿಯಲ್ಲಿ, ಸುಗ್ರೀವಾಜ್ಞೆ ಹೊರಡಿಸಿಬಿಟ್ಟಿತ್ತು.

ನಿಮಗೆ ಇದು ಯಾಕೆ ಮುಖ್ಯವೆಂದರೆ, ನಿಮ್ಮಲ್ಲಿ ಹಲವರು ಓದು ಮುಗಿಸಿ ಕೆಲಸಕ್ಕೆಂದು ಬೆಂಗಳೂರಿಗೆ ಹೊರಡುವವರು. ಅಜ್ಜಿಯ ಊರೇನೋ ಹೌದು, ಆದರೆ ಇಲ್ಲಿಯ ಕಾಯಿದೆ ನಿಮ್ಮ ಜೊತೆ ರೈಲು ಹತ್ತುವುದಿಲ್ಲ! ಅಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೇಳುವ ರೂಢಿ ಬಹಳ ಕಾಲದ್ದು. ತಿಂಗಳಿಗೆ 20,000 ಎಂದರೆ ಎರಡು ಲಕ್ಷ; ಮೊದಲ ಸಂಬಳ ಬರುವ ಮೊದಲೇ! ಕರ್ನಾಟಕದ 1999ರ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಆದರೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆ ಅದರ ವ್ಯಾಪ್ತಿಗೇ ಬರುವುದಿಲ್ಲ. ಇವತ್ತು ಅಷ್ಟಕ್ಕೆ ಅಲ್ಲಿ ಸ್ಕೂಟರ್ ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ.

ಹಾಗಾದರೆ ಉಳಿದವರಿಗೆ ಗತಿ ಯಾವುದು? ಕೇಂದ್ರದ 1882ರ ಸ್ವತ್ತು ವರ್ಗಾವಣೆ ಕಾಯಿದೆ. ಬ್ರಿಟಿಷರ ಕಾಲದ ಈ ಮುದುಕ ಇನ್ನೂ ದುಡಿಯುತ್ತಿದ್ದಾನೆ. ಒಂದು ವರ್ಷ ಮೀರಿದ ಗುತ್ತಿಗೆಯಾದರೆ ಅದರ ಪ್ರಕಾರ ನೋಂದಣಿ ಆಗಲೇಬೇಕು. ಎಲ್ಲರೂ ಹನ್ನೊಂದು ತಿಂಗಳಿಗೇ ಕರಾರು ಬರೆಸುವ ಗುಟ್ಟು ಇದೇ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತಿಂಗಳ ಲೆಕ್ಕದ ವಾಸದ ಬಾಡಿಗೆಯನ್ನು ಕೊನೆಗೊಳಿಸಲು ಯಾವ ಕಡೆಯವರಾದರೂ 15 ದಿನಗಳ ನೋಟೀಸು ಕೊಟ್ಟರೆ ಸಾಕು. ಠೇವಣಿಗೆ ಅದರಲ್ಲಿ ಮಿತಿಯಿಲ್ಲ. ಆದ್ದರಿಂದ ಬೆಂಗಳೂರಿನಲ್ಲಿ ನಿಮ್ಮ ರಕ್ಷಣೆಯೆಲ್ಲ ಕರಾರು ಪತ್ರದಲ್ಲೇ ಇರುತ್ತದೆ.

ಅದನ್ನು ಓದದೆ ಸಹಿ ಹಾಕಬೇಡಿ. ಮುಂಗಡ ಎಷ್ಟು, ಖಾಲಿ ಮಾಡಿದ ಎಷ್ಟು ದಿನಕ್ಕೆ ವಾಪಸು, ಸುಣ್ಣಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ, ಈ ಮೂರನ್ನೂ ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿಕೊಳ್ಳಿ. ಹಣವನ್ನು ಕೈಗೆ ಕೊಡದೆ ಬ್ಯಾಂಕಿನ ಮೂಲಕ ಕಳಿಸಿ.

ಇನ್ನು ರಾಮನಗರದಲ್ಲೇ ಇರುವವರು ಈ ಭಾನುವಾರ ಅಪ್ಪನ ಹತ್ತಿರ ಕುಳಿತು, ಮನೆಯ ಕರಾರು ಪತ್ರ ಎಲ್ಲಿದೆ ಎಂದು ಕೇಳಿ. 'ಅದೆಲ್ಲ ಯಾಕೋ?' ಎಂದು ಗದರಿದರೆ ಈ ಪುಟವನ್ನು ಅವರ ಮುಂದಿಡಿ.