ಪ್ರಸಂಗದ ಪದ್ಯವೂ ಜಾವಾದ ಸ್ಟ್ಯಾಕೂ

ಹಳೆಯ ಪಠ್ಯಗಳನ್ನು ಗಣಕಕ್ಕೆ ಏರಿಸುವಲ್ಲಿ ಬೆರಳಚ್ಚು ಮತ್ತು ಕರಡು ತಿದ್ದುವಿಕೆ ಕನ್ನಡ ವಿದ್ಯಾರ್ಥಿಯ ಪಾಲು, ಮಿಕ್ಕದ್ದೆಲ್ಲ ಗಣಕವಿಜ್ಞಾನದವರ ಪಾಲು ಎಂಬ ಭಾವನೆ ಬಲವಾಗಿದೆ. ಈ ವಿಂಗಡಣೆಯಿಂದ ಕೆಡುವುದು ಪಠ್ಯವೇ.

ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗವೊಂದನ್ನು ಎಕ್ಸ್‌ಎಂಎಲ್ ಕಡತವಾಗಿಸಬೇಕೆನ್ನೋಣ. ಪ್ರಸಂಗದೊಳಗೆ ಪದ್ಯ, ಅದರ ನೆತ್ತಿಯಲ್ಲಿ ರಾಗ ತಾಳ, ಒಳಗೆ ಪಲ್ಲವಿ ಚರಣಗಳು, ಅವುಗಳೊಳಗೆ ಸಾಲುಗಳು. ಪ್ರತಿಯೊಂದಕ್ಕೂ ತೆರೆಯುವ ಮತ್ತು ಮುಚ್ಚುವ ಟ್ಯಾಗ್ ಬೇಕು. 1998ರ ಎಕ್ಸ್‌ಎಂಎಲ್ ನಿಯಮಗಳಲ್ಲಿಯೇ ಟ್ಯಾಗಿನ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯಲು ಅವಕಾಶವಿದೆ. ಜಾವಾದ ಕ್ಲಾಸಿಗೂ ‘ಪದ್ಯ’ ಎಂದೇ ಹೆಸರಿಡಬಹುದು. ಇದನ್ನು ಬಲ್ಲವರು ಕಡಿಮೆ.

ಸ್ಯಾಕ್ಸ್ ಪಾರ್ಸರ್ ಕಡತವನ್ನು ಒಂದೇ ಓಟದಲ್ಲಿ ಓದುತ್ತದೆ. ಟ್ಯಾಗ್ ತೆರೆಯಿತು, ಅಕ್ಷರಗಳು ಬಂದವು, ಟ್ಯಾಗ್ ಮುಚ್ಚಿತು ಎಂದು ಸಾರುತ್ತದೆಯೇ ಹೊರತು ಹಿಂದೆ ಸಾರಿದ್ದನ್ನು ಪ್ರೋಗ್ರಾಮಿಗಾಗಿ ಕಾದಿರಿಸುವುದಿಲ್ಲ. ಆ ನೆನಪನ್ನು ಹೊರುವುದು ಸ್ಟ್ಯಾಕ್, ಎಂದರೆ ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೆಯಬೇಕಾದ ರಾಶಿ. ‘ಪದ್ಯ’ ತೆರೆದೊಡನೆ ಬರಿದಾದ ಪದ್ಯವಸ್ತುವೊಂದನ್ನು ರಚಿಸಿ ಮೇಲಿಡಬೇಕು. ‘ಚರಣ’ ತೆರೆದರೆ ಅದರ ಮೇಲೆ ಚರಣ, ‘ಸಾಲು’ ತೆರೆದರೆ ಅದರ ಮೇಲೆ ಸಾಲು. ಸಾಲು ಮುಚ್ಚಿದಾಗ ಅದನ್ನು ತೆಗೆದು, ಈಗ ಮೇಲೆ ಕಾಣುವ ವಸ್ತುವಿಗೆ ಸೇರಿಸಬೇಕು. ಅಲ್ಲಿರುವುದು ಪಲ್ಲವಿಯಾದರೆ ಪಲ್ಲವಿಯ ಸಾಲು, ಚರಣವಾದರೆ ಚರಣದ ಸಾಲು. (ಹಳೆಯ ಸ್ಟ್ಯಾಕ್ ಕ್ಲಾಸಿಗಿಂತ ಡೆಕ್ ಬಳಸುವುದು ಲೇಸೆಂದು ಜಾವಾದ ದಾಖಲೆಯೇ ಹೇಳುತ್ತದೆ.)

ಕನ್ನಡ ಬಲ್ಲವರ ಅಗತ್ಯ ಕಾಣುವುದು ಇಲ್ಲಿಯೇ. ಭಾಮಿನಿಗೆ ಪಲ್ಲವಿಯೂ ಇಲ್ಲ, ಚರಣವೆಂಬ ಒಳಮನೆಯೂ ಇಲ್ಲ. ಅದರ 6 ಸಾಲುಗಳು ನೇರವಾಗಿ ಪದ್ಯಕ್ಕೆ ಸೇರಬೇಕು. ಕಂದದ 4 ಸಾಲುಗಳೂ ಹಾಗೆಯೇ. ಇದನ್ನರಿಯದ ಪ್ರೋಗ್ರಾಮರ್ ಸಾಲಿಗೆ ಚರಣವೇ ಒಡೆಯನೆಂದು ಬಗೆದರೆ, ಷಟ್ಪದಿಯ ಸಾಲುಗಳು ಸೇರಲು ಎಡೆಯಿಲ್ಲದೆ ಕಳೆದುಹೋಗುತ್ತವೆ, ಇಲ್ಲವೆ ಇಲ್ಲದ ಚರಣವೊಂದು ಹುಟ್ಟುತ್ತದೆ. ಟ್ಯಾಗುಗಳು ಸರಿಯಾಗಿರುವುದರಿಂದ ಪಾರ್ಸರ್ ತಕರಾರು ಮಾಡುವುದಿಲ್ಲ. ತಪ್ಪು ಸದ್ದಿಲ್ಲದೆ ಉಳಿಯುತ್ತದೆ.

ಇನ್ನೊಂದು ಸೂಕ್ಷ್ಮವುಂಟು. ಪಾರ್ಸರ್ ಒಂದು ಸಾಲಿನ ಪಠ್ಯವನ್ನು ಒಮ್ಮೆಗೇ ಕೊಡಬೇಕೆಂಬ ಕಟ್ಟಳೆಯಿಲ್ಲ, ತುಂಡುತುಂಡಾಗಿಯೂ ಕೊಡಬಹುದು. ‘ಲಕ್ಷ್ಮಣ’ ಎಂಬಲ್ಲಿಯ ‘ಕ್ಷ್ಮ’ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡಿನಲ್ಲಿ 5 ಸಂಕೇತ. ತುಂಡು ಅವುಗಳ ನಡುವೆಯೇ ಬೀಳಬಹುದು. ಬಂದ ತುಂಡುಗಳನ್ನು ಸಾಲು ಮುಚ್ಚುವವರೆಗೆ ಒಂದಕ್ಕೊಂದು ಜೋಡಿಸುತ್ತ ಹೋಗದಿದ್ದರೆ ಒತ್ತಕ್ಷರ ಒಡೆಯುತ್ತದೆ.

ಇಡೀ ಕಡತವನ್ನು ಒಮ್ಮೆಗೇ ಮರವಾಗಿ ಕಟ್ಟಿಕೊಡುವ ಡಾಮ್ ಇರುವಾಗ ಈ ಶ್ರಮವೇಕೆ ಎಂಬ ಆಕ್ಷೇಪ ನ್ಯಾಯವಾದುದೇ. ಒಂದು ಪ್ರಸಂಗದ ಗಾತ್ರಕ್ಕೆ ಇಂದಿನ ಗಣಕದ ಸ್ಮೃತಿ ಧಾರಾಳವಾಗಿ ಸಾಕು. ಆದರೆ ಡಾಮ್ ಕೊಡುವುದು ಟ್ಯಾಗುಗಳ ಮರವನ್ನು. ಯಾವುದು ಯಾವುದಕ್ಕೆ ಸೇರಬೇಕೆಂಬ ಛಂದಸ್ಸಿನ ತೀರ್ಮಾನ ಆಗಲೂ ಬಾಕಿಯೇ.

ಛಂದಸ್ಸಿನ ಪತ್ರಿಕೆಯಲ್ಲಿ ಪ್ರಸ್ತಾರ ಹಾಕಿಸುವಂತೆ, ಪ್ರಸಂಗದ ಎರಡು ಪುಟಕ್ಕೆ ಟ್ಯಾಗ್ ಹಾಕಿಸಿ, ಪ್ರತಿ ಸಾಲು ಮುಚ್ಚಿದಾಗ ಸ್ಟ್ಯಾಕಿನಲ್ಲಿ ಉಳಿದಿರುವುದೇನೆಂದು ಕಾಗದದ ಮೇಲೆ ಬರೆಯಿಸಬಹುದು. ಅದಕ್ಕೆ ಗಣಕವೂ ಬೇಡ.