ಕ್ಷಮೆ ಪಡೆದ ಮೇಲೆ

2019ನೆಯ ಇಸವಿಯ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ಸಂಚಾರವು ನಿಂತಿತು. ಜರಿಯಿತೆಂದು ಆ ದಾರಿಯನ್ನು ಯಾರೂ ತೊರೆಯಲಿಲ್ಲ. ಮಣ್ಣು ತೆಗೆದು ಮತ್ತೆ ತೆರೆದರು. ನಮ್ಮ ಆತ್ಮದ ವಿಷಯದಲ್ಲಿ ನಾವು ಹೀಗೆ ನಡೆಯುವೆವೇ? ಕೋಪದಿಂದ ಮಗುವನ್ನು ಹೊಡೆದ ತಾಯಿಯು ಪಾಪನಿವೇದನೆ ಮಾಡಿ ಕ್ಷಮೆ ಪಡೆದ ಮೇಲೂ, ತಾನು ಅಯೋಗ್ಯಳೆಂದು ಪರಮಪ್ರಸಾದದಿಂದ ದೂರ ನಿಲ್ಲುವುದುಂಟು. ಇದು ವಿನಯದಂತೆ ತೋರುವುದು. ಆದರೆ ತನ್ನ ಮೇಲೆಯೇ ತಾಳುವ ಇಂತಹ ಕೋಪದಲ್ಲಿ ಗರ್ವವು ಅಡಗಿರುವುದೆಂದು ಸಂತ ಫ್ರಾನ್ಸಿಸ್ ದ ಸಾಲೆಸರು 1609ರಲ್ಲಿ ಪ್ರಕಟವಾದ ತಮ್ಮ ಭಕ್ತಿಗ್ರಂಥದಲ್ಲಿ ತಿಳಿಸಿರುವರು. ಪೇತ್ರನೂ ಯೂದನೂ ತಪ್ಪಿದರು, ಇಬ್ಬರೂ ಮರುಗಿದರು. ಯೂದನು ನಿರಾಶೆಗೆ ಬಲಿಯಾದನು. ಪೇತ್ರನು ಪ್ರಭುವಿನ ಬಳಿಗೆ ಮರಳಿದನು. ನೊಂದ ಮಗುವನ್ನು ಮೊದಲು ಸಂತೈಸೋಣ. ಬಳಿಕ ಅದೇ ಮೃದುತ್ವವನ್ನು ನಮ್ಮ ಹೃದಯಕ್ಕೂ ತೋರೋಣ.