ಹಾಲು ಕರೆಯುವವರ ಕಣ್ಣನ್ನೂ ತೋರಿಸಿ

ಕಳೆದ ತಿಂಗಳು ಕೆಚ್ಚಲು ಬಾವಿನ ಹಸು ನೋಡಲು ಒಂದು ಮನೆಗೆ ಹೋಗಿದ್ದೆ. ಮೂರು ದಿನದಿಂದ ಹಾಲಿನಲ್ಲಿ ಹೆಪ್ಪು ಬೀಳುತ್ತಿದ್ದರೂ ತಾಯಿ ಹೇಳಲಿಲ್ಲವೆಂದು ಮಗ ರೇಗುತ್ತಿದ್ದ. “ಹೊಲಕ್ಕೆ ಒಬ್ಬಳೇ ಹೋಗಿ ಹುಲ್ಲು ತರ್ತಾಳೆ, ಬಟ್ಟಲಲ್ಲಿರೋದು ಮಾತ್ರ ಕಾಣಲ್ವಂತೆ ಡಾಕ್ಟ್ರೇ!” ಆಕೆಗೆ ಪೊರೆಯ ಆಪರೇಷನ್ ಆಗಿತ್ತು, ಕನ್ನಡಕವೂ ಇತ್ತು. ತಲೆ ತಗ್ಗಿಸಿ ಸುಮ್ಮನೆ ನಿಂತಿದ್ದರು.

ಮಗ ಹೇಳಿದ ಎರಡೂ ಮಾತು ನಿಜವಿರಬಹುದು. ಕಣ್ಣಿನ ಒಳಪರದೆಯ ನಡುಭಾಗ ಕೆಟ್ಟವರಿಗೆ ಸುತ್ತಲಿನದು ಕಾಣುತ್ತದೆ, ದಾರಿ ತಪ್ಪುವುದಿಲ್ಲ. ನೇರ ನೋಡಿದ್ದು ಮಾತ್ರ ಮಬ್ಬು: ಎದುರಿನವರ ಮುಖ, ಸಂಘದ ಚೀಟಿಯ ಅಂಕಿ. ಗ್ಲಾಕೋಮಾ ಇದ್ದವರಲ್ಲಿ ಸಾಮಾನ್ಯವಾಗಿ ಇದರ ತಿರುವುಮುರುವು. ಮುಖ ಗುರುತಿಸುತ್ತಾರೆ, ಪಕ್ಕದ ಬಕೆಟ್ ಎಡವುತ್ತಾರೆ. ಊರಿನವರು ಇಬ್ಬರಿಗೂ “ನಾಟಕ” ಅನ್ನುತ್ತಾರೆ. ಚಿಕಿತ್ಸೆ, ಕನ್ನಡಕ ಎಲ್ಲ ಆದ ಮೇಲೂ ಬೇರೆಯವರು 18 ಮೀಟರಿನಿಂದ ಓದುವ ಅಕ್ಷರಕ್ಕೆ 6 ಮೀಟರಿಗಿಂತ ಹತ್ತಿರ ಹೋಗಬೇಕಾದರೆ ಅದನ್ನು ಮಂದದೃಷ್ಟಿ ಎನ್ನುತ್ತಾರೆ.

ಹಸುವಿನ ಕಣ್ಣಿಗೆ ಕೊಟ್ಟ ಹನಿಯನ್ನು ತಾವೂ ಬಿಟ್ಟುಕೊಳ್ಳಬಹುದೇ ಎಂದು ನನ್ನನ್ನು ಕೇಳಿದವರಿದ್ದಾರೆ. ದಯವಿಟ್ಟು ಬೇಡ. ಕೆಲವು ಹನಿಗಳಲ್ಲಿ ಸ್ಟಿರಾಯ್ಡ್ ಇರುತ್ತದೆ, ಕಣ್ಣಿನ ಒತ್ತಡ ಏರಬಹುದು. ಸಂತೆಯ ಕನ್ನಡಕಕ್ಕೂ ಮೊದಲು ಜಿಲ್ಲಾಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಿ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು. “ಇನ್ನೇನೂ ಮಾಡಲಾಗದು” ಎಂದರೆ ಅಲ್ಲಿಗೇ ಬಿಡದೆ, ಲೋ ವಿಷನ್ ಚಿಕಿತ್ಸೆ ಎಲ್ಲಿದೆ ಎಂದು ಕೇಳಿ. ಉಳಿದ ನೋಟಕ್ಕೆ ಹೊಂದುವ ಭೂತಗನ್ನಡಿ ಕೊಟ್ಟು, ಬಳಸುವುದನ್ನೂ ಕಲಿಸುತ್ತಾರೆ. 2016ರ ಕಾಯ್ದೆಯಲ್ಲಿ ಮಂದದೃಷ್ಟಿಯೂ ಅಂಗವೈಕಲ್ಯವೇ. ಯುಡಿಐಡಿ ಕಾರ್ಡಿನ ಅರ್ಜಿಗೆ ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ.

ಕಣ್ಣು ಮಂದವಾಯಿತೆಂದು ಅವರ ಕೈಯಿಂದ ಹಸು ಬಿಡಿಸುವುದು ನನಗೆ ಒಪ್ಪಿಗೆಯಿಲ್ಲ. ಹಸುವಿನ ಮೈ ಬಿಸಿ, ಕೆಚ್ಚಲಿನ ಗಟ್ಟಿತನ ಆ ಕೈಗೆ ತಿಳಿದಷ್ಟು ಮಗನಿಗೆ ತಿಳಿಯದು. ಮೊದಲ ಹಾಲನ್ನು ಹೊಳೆಯುವ ಸ್ಟೀಲ್ ಬಟ್ಟಲಿಗೆ ಬಿಡುವ ಬದಲು ಕಪ್ಪು ಬಟ್ಟಲಿಗೆ ಬಿಡಲಿ, ಬಿಳಿ ಹೆಪ್ಪು ಎದ್ದು ಕಾಣುತ್ತದೆ. ಬಲ್ಬು ಅವರ ಬೆನ್ನ ಹಿಂದಿನಿಂದ ಕೆಚ್ಚಲಿನ ಮೇಲೆ ಬೀಳಲಿ. ಬಕೆಟ್, ಹಗ್ಗ ಇಟ್ಟ ಜಾಗ ಬದಲಿಸಬೇಡಿ.

ಸಂಘದ ಕಾರ್ಯದರ್ಶಿಗಳಿಗೂ ಒಂದು ಮಾತು. ಚೀಟಿ ಕೊಡುವಾಗ ಲೀಟರ್, ಫ್ಯಾಟ್ ಗಟ್ಟಿಯಾಗಿ ಓದಿ ಹೇಳಿ. ಓದಲಾಗದ್ದನ್ನು ಹೇಳಿಕೊಳ್ಳಲು ನಾಚಿ, ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡು ಹೋಗುವವರು ನಿಮ್ಮ ಸಾಲಿನಲ್ಲೂ ಇರುತ್ತಾರೆ.